ವೇಗದ ಪಂದ್ಯವೂ ಸಂಸಾರದ ಹೊಣೆಯೂ

(ಗ್ರಾಮಾಂತರ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ನೀಡಿದ ಉಪನ್ಯಾಸ)



ಕುಟುಂಬ ಕಲ್ಯಾಣದ ಸಭೆಯೆಂದರೆ ಬಾಣಂತಿಯ ಆರೈಕೆ, ಮಗುವಿನ ಲಸಿಕೆ, ಮಕ್ಕಳ ನಡುವಿನ ಅಂತರ ಮುಂತಾದ ವಿಷಯಗಳೇ ತಮ್ಮ ನೆನಪಿಗೆ ಬರುವುದು ಸಹಜ. ಇಂದಿನ ವಿಷಯವನ್ನು ಅಧ್ಯಕ್ಷರು ಪ್ರಕಟಿಸಿದಾಗ ಹಿಂದಿನ ಸಾಲಿನಲ್ಲಿ ಕೆಲವು ತರುಣರು ಮುಗುಳ್ನಕ್ಕದ್ದನ್ನು ನಾನು ಗಮನಿಸಿದೆ. ಮೋಟಾರು ವಾಹನಗಳ ಓಟದ ಪಂದ್ಯಕ್ಕೂ ಗೃಹಸ್ಥ ಜೀವನಕ್ಕೂ ಏನು ಸಂಬಂಧವೆಂದು ಅವರು ಕೇಳಬಹುದು. ಸಂಬಂಧವಿದೆ. ಗರ್ಭಿಣಿಯನ್ನು ಒಂಬತ್ತು ತಿಂಗಳು ಜೋಪಾನ ಮಾಡಿ, ಸುರಕ್ಷಿತವಾಗಿ ಹೆರಿಗೆ ಮಾಡಿಸಿ, ಮಗುವಿಗೆ ಕಾಲಕಾಲಕ್ಕೆ ಲಸಿಕೆ ಹಾಕಿಸಿ ಬೆಳೆಸುತ್ತಿರುವಾಗ, ಆ ಮಗುವಿನ ತಂದೆ ಒಂದು ಸಂಜೆ ಹೆದ್ದಾರಿಯಲ್ಲಿ ಗೆಳೆಯನೊಡನೆ ಪಂದ್ಯ ಕಟ್ಟಿ ಮನೆಗೆ ಹಿಂದಿರುಗದೆ ಹೋದರೆ, ನಮ್ಮ ಇಲಾಖೆಯ ವಹಿಯಲ್ಲಿ ಆ ಮನೆಯ ಎಲ್ಲ ಕಲಮುಗಳೂ ಭರ್ತಿಯಾಗಿರುತ್ತವೆ, ಆದರೆ ಮನೆಯಲ್ಲಿ ಕ್ಷೇಮವಿರುವುದಿಲ್ಲ. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸಾರಿಗೆ ಸಚಿವಾಲಯವೇ ಪ್ರಕಟಿಸಿದೆ. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಸಾವುಗಳಲ್ಲಿ ನೂರಕ್ಕೆ 71ರಷ್ಟಕ್ಕೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ.

ಊರ ಹೊರಗಿನ ಹೊಸ ಡಾಂಬರು ರಸ್ತೆಯಲ್ಲಿ ಎರಡು ಮೋಟಾರು ಸೈಕಲ್ಲುಗಳು ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಒಬ್ಬನು ಕೈ ಬೀಸುತ್ತಾನೆ. ಎರಡೂ ಒಮ್ಮೆಲೇ ನುಗ್ಗುತ್ತವೆ. ಮುಂದಿನ ಮೈಲಿಗಲ್ಲನ್ನೋ ಹುಣಸೆಮರವನ್ನೋ ಯಾರು ಮೊದಲು ದಾಟಿದರೆ ಅವರು ಗೆದ್ದಂತೆ. ಇದಕ್ಕೆ ನಮ್ಮ ಹುಡುಗರು ಡ್ರ್ಯಾಗ್ ರೇಸ್ ಎಂಬ ಹೆಸರನ್ನು ಬಳಸುವುದನ್ನು ತಾವೂ ಕೇಳಿರಬಹುದು. ಈ ಹೆಸರು ಅಮೆರಿಕದಿಂದ ಬಂದುದು. ಹೆಸರು ಬಂದಿತು, ಬೈಕು ಬಂದಿತು, ಮೊಬೈಲಿನಲ್ಲಿ ಅದರ ಚಿತ್ರಗಳೂ ಬಂದವು. ಆದರೆ ಆ ದೇಶದವರು ಎಪ್ಪತ್ತು ವರ್ಷಗಳ ಕಾಲ, ಒಂದೊಂದು ಅನಾಹುತದಿಂದ ಒಂದೊಂದು ಪಾಠ ಕಲಿಯುತ್ತ, ಆ ಆಟದ ಸುತ್ತ ಕಟ್ಟಿದ ಕಾವಲು ಮಾತ್ರ ಜೊತೆಯಲ್ಲಿ ಬರಲಿಲ್ಲ. ಆ ಕಾವಲು ಎಂಥದೆಂದು ತಿಳಿದರೆ, ಅದಿಲ್ಲದ ನಮ್ಮ ರಸ್ತೆಯಲ್ಲಿ ಅದೇ ಆಟವನ್ನು ಆಡುವುದರ ಅರ್ಥವೇನೆಂಬುದು ತಾನಾಗಿ ತಿಳಿದೀತು.

ಕರಾವಳಿಯ ಜೋಡುಕರೆ ಕಂಬಳವನ್ನು ಕಂಡವರಿಗೆ ಈ ಪಂದ್ಯದ ಸ್ವರೂಪವನ್ನು ವಿವರಿಸುವುದು ಸುಲಭ. ಅಕ್ಕಪಕ್ಕದ ಎರಡು ಕರೆಗಳಲ್ಲಿ ಎರಡು ಜೋಡಿ ಕೋಣಗಳು ಓಡುವಂತೆ, ಇಲ್ಲಿ ಎರಡು ವಾಹನಗಳು ಪಕ್ಕಪಕ್ಕದಲ್ಲಿ ನೇರವಾಗಿ ಓಡುತ್ತವೆ. ತಿರುವಿಲ್ಲ, ಸುತ್ತಿಲ್ಲ. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 1,320 ಅಡಿ ದಾಟಬೇಕು. ಕಂಬಳದ ಕರೆಯ ಕೊನೆಯಲ್ಲಿ ಮಂಜೊಟ್ಟಿ ಎಂಬ ಏರುನೆಲವಿರುತ್ತದೆ. ಕೆಸರಿನಲ್ಲಿ ರಭಸದಿಂದ ಓಡಿಬಂದ ಕೋಣಗಳು ಆ ಏರನ್ನು ಹತ್ತುವಾಗ ವೇಗ ಕಳೆದುಕೊಂಡು ನಿಲ್ಲುತ್ತವೆ. ನಮ್ಮ ಹಿರಿಯರು ಓಡುವ ಜಾಗದ ಜೊತೆಗೆ ನಿಲ್ಲುವ ಜಾಗವನ್ನೂ ಕಟ್ಟಿದ್ದರೆಂಬುದನ್ನು ದಯಮಾಡಿ ನೆನಪಿನಲ್ಲಿಡಿ. ಮುಂದೆ ಈ ಮಾತು ಬೇಕಾಗುತ್ತದೆ.

ಎರಡನೆಯ ಮಹಾಯುದ್ಧದ ಮೊದಲಿನಿಂದಲೂ ಕ್ಯಾಲಿಫೋರ್ನಿಯಾದ ತರುಣರು ಹಳೆಯ ಕಾರುಗಳ ಎಂಜಿನ್ನುಗಳನ್ನು ತಿದ್ದಿ, ಮರುಭೂಮಿಯ ಬತ್ತಿದ ಕೆರೆಯಂಗಳಗಳಲ್ಲಿ ಓಡಿಸಿ ವೇಗವನ್ನು ಪರೀಕ್ಷಿಸುತ್ತಿದ್ದರು. ಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದ ಮೇಲೆ ಈ ಹುಚ್ಚು ಹೆಚ್ಚಿತು, ಊರಿನ ಬೀದಿಗಳಿಗೂ ಇಳಿಯಿತು. ಸಾರ್ವಜನಿಕರು ರೊಚ್ಚಿಗೆದ್ದರು. ಆಗ ಮೋಟಾರು ಪತ್ರಿಕೆಯೊಂದರ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿದರು. ಹುಡುಗರನ್ನು ಬೀದಿಯಿಂದ ಎಬ್ಬಿಸಿ ಪ್ರತ್ಯೇಕವಾದ ಜಾಗಕ್ಕೆ ಕರೆದೊಯ್ಯುವುದು, ವಾಹನವನ್ನು ಪರೀಕ್ಷಿಸದೆ ಯಾರನ್ನೂ ಓಟಕ್ಕೆ ಬಿಡದಿರುವುದು ಅವರ ಮೊದಲ ಉದ್ದೇಶಗಳಾಗಿದ್ದವು. ಬಳಕೆ ತಪ್ಪಿದ ವಿಮಾನದ ಓಡುಹಾದಿಗಳನ್ನು ಇದಕ್ಕೆ ಉಪಯೋಗಿಸಿಕೊಂಡರು. 1954ರಲ್ಲಿ ನಾಲ್ವರ ತಂಡವೊಂದು ಕಾರಿಗೆ ಸಾಮಾನಿನ ಗಾಡಿಯನ್ನು ಕಟ್ಟಿಕೊಂಡು ದೇಶದ ಊರೂರು ಸುತ್ತಿ, ಪಂದ್ಯವನ್ನು ಸುರಕ್ಷಿತವಾಗಿ ನಡೆಸುವ ರೀತಿಯನ್ನು ಕಲಿಸಿತು. ನಮ್ಮ ಇಲಾಖೆಯ ಪ್ರಚಾರ ವಾಹನ ಹಳ್ಳಿ ಹಳ್ಳಿ ತಿರುಗುವಂತೆಯೇ ಇದೂ. ಓದುವಾಗ ನನಗೆ ಅವರ ಮೇಲೆ ಒಂದು ಬಗೆಯ ಬಾಂಧವ್ಯವೇ ಹುಟ್ಟಿತು.

ಆ ಪಂದ್ಯಗಳ ಅತ್ಯುನ್ನತ ವರ್ಗದಲ್ಲಿ ಇಂದು ಓಡುವ ವಾಹನಗಳ ಶಕ್ತಿ ಸುಮಾರು 11,000 ಅಶ್ವಶಕ್ತಿ. ತಮ್ಮ ಹೊಲ ಉಳುವ 45 ಅಶ್ವಶಕ್ತಿಯ ಟ್ರ್ಯಾಕ್ಟರುಗಳನ್ನು 240ಕ್ಕೂ ಹೆಚ್ಚು ಸಂಖ್ಯೆಯಲ್ಲಿ ಒಂದೇ ನೊಗಕ್ಕೆ ಹೂಡಿದರೆ ಆಗುವಷ್ಟು. ನಾಲ್ಕು ಸೆಕೆಂಡಿಗೂ ಕಡಮೆ ಕಾಲದಲ್ಲಿ ಅವು ಗಂಟೆಗೆ 500 ಕಿಲೋಮೀಟರಿಗೂ ಮೀರಿದ ವೇಗವನ್ನು ಮುಟ್ಟುತ್ತವೆ. ಬ್ರೇಕು ಸಾಲದೆ ಹಿಂದಿನಿಂದ ಎರಡು ಪ್ಯಾರಾಚೂಟುಗಳು ಬಿಚ್ಚಿಕೊಂಡು ಅವನ್ನು ಹಿಡಿದೆಳೆಯಬೇಕು. ಇಷ್ಟು ಭಯಂಕರವಾದ ಯಂತ್ರದ ಹೊಟ್ಟೆಯಲ್ಲಿ ಕುಳಿತ ಮನುಷ್ಯ ಹೆಚ್ಚಿನ ಸಂದರ್ಭಗಳಲ್ಲಿ ಜೀವಸಹಿತ ಇಳಿದು ಬರುತ್ತಾನೆ. ಅದು ಹೇಗೆ ಸಾಧ್ಯವಾಯಿತೆಂದು ನೋಡೋಣ.

ಡಾನ್ ಗಾರ್ಲಿಟ್ಸ್ ಎಂಬವರು ಈ ಪಂದ್ಯದ ಬಹು ಹೆಸರಾಂತ ಚಾಲಕರು, ಫ್ಲಾರಿಡಾ ರಾಜ್ಯದವರು. ಆ ಕಾಲದ ವಾಹನಗಳಲ್ಲಿ ಎಂಜಿನ್ನು ಚಾಲಕನ ಮುಂದೆ ಇರುತ್ತಿತ್ತು, ಗೇರಿನ ಭಾಗ ಅವನ ಕಾಲುಗಳ ನಡುವೆಯೇ ಬರುತ್ತಿತ್ತು. ಎಂಜಿನ್ನು ಸಿಡಿದರೆ ಎಣ್ಣೆ ಬೆಂಕಿಗಳೆರಡೂ ನೇರವಾಗಿ ಚಾಲಕನ ಮುಖಕ್ಕೆ. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಓಟದ ಹಾದಿಯಲ್ಲಿ ಗಾರ್ಲಿಟ್ಸರ ವಾಹನ ಹೊರಡುತ್ತಿದ್ದಂತೆಯೇ ಗೇರಿನ ಭಾಗ ಸ್ಫೋಟಿಸಿ ವಾಹನ ಎರಡು ತುಂಡಾಯಿತು. ಅವರ ಬಲಗಾಲಿನ ಪಾದದ ಒಂದು ಭಾಗ ಹೋಯಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ತರುಣನೊಬ್ಬನಿಗೂ ಘೋರವಾದ ಗಾಯವಾಯಿತು. ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಗಾರ್ಲಿಟ್ಸರು ಹೊಸ ವಾಹನವೊಂದರ ನಕ್ಷೆಯನ್ನು ಯೋಚಿಸತೊಡಗಿದರು. ಎಂಜಿನ್ನು ಚಾಲಕನ ಹಿಂದೆ ಇರಬೇಕು ಎಂಬುದೇ ಆ ನಕ್ಷೆಯ ಸಾರ. ಇದನ್ನು ಹಿಂದೆಯೂ ಕೆಲವರು ಪ್ರಯತ್ನಿಸಿದ್ದರು, ಆದರೆ ವಾಹನ ಹಿಡಿತಕ್ಕೆ ಬರುತ್ತಿರಲಿಲ್ಲ. ಸ್ಟಿಯರಿಂಗ್ ಸ್ವಲ್ಪ ತಿರುಗಿಸಿದರೆ ಚಕ್ರ ಬಹಳ ತಿರುಗಿಬಿಡುತ್ತದೆ, ದೋಷವಿರುವುದು ಅಲ್ಲಿಯೇ ಎಂದು ಗಾರ್ಲಿಟ್ಸರ ತಂಡ ಕಂಡುಹಿಡಿದು ಅದನ್ನು ನಿಧಾನಗೊಳಿಸಿತು. 1971ರ ಆರಂಭದಲ್ಲಿ ಪೊಮೋನಾದ ಚಳಿಗಾಲದ ಪಂದ್ಯವನ್ನು ಅವರು ಆ ಹೊಸ ವಾಹನದಲ್ಲಿಯೇ ಗೆದ್ದರು. ಕೆಲವೇ ವರ್ಷಗಳಲ್ಲಿ ಆ ವರ್ಗದ ಎಲ್ಲರ ಎಂಜಿನ್ನೂ ಬೆನ್ನ ಹಿಂದಕ್ಕೆ ಹೋಯಿತು. ಪಾದ ಕಳೆದುಕೊಂಡ ಮನುಷ್ಯ ಮತ್ತಷ್ಟು ಧೈರ್ಯ ತೋರಿಸಿದನೆಂದು ಹೊಗಳಲು ನಾನು ಇದನ್ನು ಹೇಳುತ್ತಿಲ್ಲ. ಧೈರ್ಯಕ್ಕಿಂತ ಅವರ ಅಂಜಿಕೆಯೇ ಹೆಚ್ಚಿನ ಕೆಲಸ ಮಾಡಿತೆಂದು ನನಗೆ ತೋರುತ್ತದೆ.

ಈ ಪಂದ್ಯದಲ್ಲಿ ಸ್ತ್ರೀಯರೂ ಇದ್ದಾರೆ. ಶರ್ಲಿ ಮುಲ್ಡೌನಿ ಎಂಬಾಕೆ 1977, 1980 ಮತ್ತು 1982ರಲ್ಲಿ ಅತ್ಯುನ್ನತ ವರ್ಗದ ಚಾಂಪಿಯನ್ ಆದರು. 1984ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಅವರ ವಾಹನ ಅಪಘಾತಕ್ಕೀಡಾಗಿ ಎರಡೂ ಕಾಲುಗಳು ಜಜ್ಜಿಹೋದವು. ಮತ್ತೆ ಓಟಕ್ಕೆ ಮರಳಲು ಎರಡು ವರ್ಷ ಹಿಡಿಯಿತು.

ವೈದ್ಯನಾಗಿ ನನ್ನನ್ನು ಹೆಚ್ಚು ಕಾಡಿದ್ದು 2007ರ ಘಟನೆ. ಎರಿಕ್ ಮೆಡ್ಲೆನ್ ಎಂಬ 33 ವರ್ಷದ ಚಾಲಕ. ಅವನ ವಾಹನವನ್ನು ಸಿದ್ಧಪಡಿಸುವ ತಂಡದ ಮುಖ್ಯಸ್ಥ ಅವನ ತಂದೆಯೇ, ಜಾನ್ ಮೆಡ್ಲೆನ್. ಮಾರ್ಚ್ ತಿಂಗಳಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ ಪರೀಕ್ಷೆಗಾಗಿ ಓಡಿಸುವಾಗ ಚಕ್ರದಲ್ಲಿ ದೋಷ ಕಾಣಿಸಿಕೊಂಡು ವಾಹನ ಅತಿ ಭೀಕರವಾಗಿ ಕಂಪಿಸಿತು. ಆ ಕಂಪನಕ್ಕೆ ಅವನ ತಲೆ ಒಳಗಿನ ಕಬ್ಬಿಣದ ಚೌಕಟ್ಟಿಗೆ ಮತ್ತೆ ಮತ್ತೆ ಬಡಿಯಿತು. ಅತ್ಯುತ್ತಮ ಹೆಲ್ಮೆಟ್ ಇತ್ತು, ಬಿಗಿಯಾದ ಪಟ್ಟಿಗಳಿದ್ದವು. ನಾಲ್ಕು ದಿನಗಳ ನಂತರ ಅವನು ಆಸ್ಪತ್ರೆಯಲ್ಲಿ ತೀರಿಕೊಂಡನು.

ಇಲ್ಲಿ ಸ್ವಲ್ಪ ನಿಂತು ಮೆದುಳಿನ ವಿಷಯ ಹೇಳುವುದು ಅಗತ್ಯ. ಮೆದುಳು ತಲೆಬುರುಡೆಯೊಳಗೆ ಎಳನೀರಿನ ತಿರುಳಿನಂತೆ ಮೆತ್ತಗಿರುವ ಅಂಗ. ತಲೆ ರಭಸದಿಂದ ಅತ್ತಿತ್ತ ಹೊರಳಿದಾಗ ಬುರುಡೆ ಮೊದಲು ನಿಲ್ಲುತ್ತದೆ, ಮೆದುಳು ಇನ್ನೂ ಚಲಿಸುತ್ತಿರುತ್ತದೆ. ಅದರೊಳಗಿನ ಕೂದಲಿಗಿಂತ ಸೂಕ್ಷ್ಮವಾದ ನರತಂತುಗಳು ಆಗ ಹಿಗ್ಗಿ ಹರಿಯುತ್ತವೆ. ಹೊರಗೆ ರಕ್ತ ಕಾಣದಿರಬಹುದು, ಚರ್ಮ ತರಚದೆಯೂ ಇರಬಹುದು. ಹರಿದ ತಂತುಗಳನ್ನು ಹೊಲಿಯುವ ಶಸ್ತ್ರಚಿಕಿತ್ಸೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಬದುಕಿ ಉಳಿದವನೂ ಹೆಂಡತಿಯ ಹೆಸರನ್ನು ಮರೆತವನಾಗಿ, ಕಾರಣವಿಲ್ಲದೆ ಸಿಡುಕುವವನಾಗಿ, ತುತ್ತನ್ನು ತಾನೇ ಎತ್ತಿಕೊಳ್ಳಲಾರದವನಾಗಿ ಮನೆಗೆ ಬರಬಹುದು. ಅಂಥವನನ್ನು ಹತ್ತು, ಇಪ್ಪತ್ತು ವರ್ಷ ಎತ್ತಿ ಇಳಿಸಿ ನೋಡಿಕೊಳ್ಳುವವಳು ಹೆಂಡತಿ ಇಲ್ಲವೆ ಮುದುಕಿ ತಾಯಿ. ರಸ್ತೆಯ ಸಾವಿನ ಲೆಕ್ಕದಲ್ಲಿ ಇಂಥ ಮನೆಗಳು ಸೇರುವುದೇ ಇಲ್ಲ.

ಮಗನನ್ನು ಕಳೆದುಕೊಂಡ ಜಾನ್ ಮೆಡ್ಲೆನ್ ಆ ವಾಹನದ ಚೌಕಟ್ಟಿನ ಅಧ್ಯಯನಕ್ಕೇ ತಮ್ಮನ್ನು ತೊಡಗಿಸಿಕೊಂಡರು. ಚಾಲಕನ ತಲೆಯ ಸುತ್ತ ಜಾಗ ಅಗಲವಾಗಬೇಕು, ಮೆತ್ತೆ ಇನ್ನೂ ದಪ್ಪವಾಗಬೇಕು ಎಂದು ಕಂಡುಕೊಂಡು, ಅದನ್ನು ಇತರ ತಂಡಗಳವರಿಗೂ ತಲುಪಿಸಿದರು. ಬೇರೆಯವರ ಮಕ್ಕಳು ಬದುಕಲೆಂದು ಒಬ್ಬ ತಂದೆ ಮಾಡಿದ ಕೆಲಸವದು.

ಮುಂದಿನ ವರ್ಷವೇ ಇನ್ನೊಂದು ದುರಂತ ನಡೆಯಿತು. 2008ರ ಜೂನ್ 21ರಂದು ನ್ಯೂಜೆರ್ಸಿ ರಾಜ್ಯದ ಇಂಗ್ಲಿಷ್‌ಟೌನ್‌ನಲ್ಲಿ ಸ್ಕಾಟ್ ಕಲಿಟ್ಟಾ ಎಂಬ 46 ವರ್ಷದ ಅನುಭವಿ ಚಾಲಕ, 1994 ಮತ್ತು 1995ರ ಚಾಂಪಿಯನ್, ಗಂಟೆಗೆ ಸುಮಾರು 480 ಕಿಲೋಮೀಟರು ವೇಗದಲ್ಲಿ ಗೆರೆಯನ್ನು ಸಮೀಪಿಸುತ್ತಿದ್ದಾಗ ಎಂಜಿನ್ನು ಸಿಡಿಯಿತು. ಪ್ಯಾರಾಚೂಟುಗಳು ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಹಾದಿಯ ಕೊನೆಯಲ್ಲಿ ವಾಹನವನ್ನು ಹಿಡಿದು ನಿಲ್ಲಿಸಲೆಂದೇ ಸುರಿದಿದ್ದ ಮರಳಿನ ಗುಂಡಿಯನ್ನೂ ದಾಟಿ ವಾಹನ ಆಚೆಗೆ ಅಪ್ಪಳಿಸಿತು. ಅವರು ಪತ್ನಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಅಗಲಿದರು.

ಎರಡು ವಾರದೊಳಗೆ ಸಂಘವು ಒಂದು ತೀರ್ಮಾನಕ್ಕೆ ಬಂದಿತು. ಐವತ್ತು ವರ್ಷಗಳಿಗೂ ಹಿಂದಿನಿಂದ ಬಂದಿದ್ದ, ಆ ಆಟದ ಪ್ರಾಣವೆಂದೇ ಎಲ್ಲರೂ ಭಾವಿಸಿದ್ದ ಕಾಲು ಮೈಲಿಯ ಅಳತೆಯನ್ನು ಅತಿ ವೇಗದ ಎರಡು ವರ್ಗಗಳಿಗೆ 1,000 ಅಡಿಗೆ ಇಳಿಸಿತು. ಓಟದಿಂದ ತೆಗೆದ 320 ಅಡಿ ನಿಲ್ಲುವ ಜಾಗಕ್ಕೆ ಸೇರಿತು. ಎಂಜಿನ್ನು ಸಿಡಿದರೆ ಚಾಲಕನ ಕೈಯನ್ನು ಕಾಯದೆ ತಾನಾಗಿಯೇ ಇಂಧನವನ್ನು ಕಡಿದು ಪ್ಯಾರಾಚೂಟನ್ನು ಬಿಡಿಸುವ ಉಪಕರಣವನ್ನೂ ತರಲಾಯಿತು. ತಾತ್ಕಾಲಿಕವೆಂದು ಆರಂಭಿಸಿದ 1,000 ಅಡಿಯ ಓಟ ಅನಂತರ ಸ್ಥಿರವಾಯಿತು. ಸಂಪ್ರದಾಯ ಕೆಟ್ಟಿತೆಂದು ಗೊಣಗಿದವರೂ ಇದ್ದರು. ಕೋಟ್ಯಂತರ ರೂಪಾಯಿಗಳ ವ್ಯವಹಾರವುಳ್ಳ ಆಟವೊಂದು, ಸಾವಿರಾರು ಜನ ಹಣ ಕೊಟ್ಟು ನೋಡುವ ವೇಗವನ್ನು ತಾನೇ ಮೊಟಕುಗೊಳಿಸಿಕೊಂಡಿತೆಂಬುದು ನನಗೆ ಅವರ ದಾಖಲೆಗಳೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇಷ್ಟೆಲ್ಲ ಆದರೂ ಅಪಾಯ ತೊಲಗಲಿಲ್ಲ. 2010ರಲ್ಲಿ ಅರಿಜೋನಾ ರಾಜ್ಯದಲ್ಲಿ ವಾಹನವೊಂದರಿಂದ ಕಳಚಿದ ಚಕ್ರ ಹಾರಿಬಂದು, ಪಂದ್ಯ ನೋಡಲು ಬಂದಿದ್ದ ಮಹಿಳೆಯೊಬ್ಬರು ಮೃತಪಟ್ಟರು. ಅವರು ಓಡಿಸುತ್ತಿರಲಿಲ್ಲ, ನೋಡುತ್ತಿದ್ದರು ಅಷ್ಟೆ.

ಈಗ ನಮ್ಮ ರಸ್ತೆಗೆ ಬರೋಣ. ಅಲ್ಲಿ ಓಡುವ ಹಾದಿಯ ಎರಡೂ ಬದಿಗೆ ಗೋಡೆಯಿದೆ, ಎದುರಿನಿಂದ ಏನೂ ಬರುವುದಿಲ್ಲ. ಚಾಲಕನು ಬೆಂಕಿ ತಗಲದ ಉಡುಪು ತೊಟ್ಟಿರುತ್ತಾನೆ, ಬೆಂಕಿ ಆರಿಸುವವರೂ ಆಂಬುಲೆನ್ಸಿನವರೂ ಕೆಲವೇ ಕ್ಷಣಗಳ ದೂರದಲ್ಲಿ ಸಿದ್ಧರಾಗಿರುತ್ತಾರೆ. ನಮ್ಮ ಊರ ಮುಂದಿನ ರಸ್ತೆಯಲ್ಲಿ ಏನಿದೆ? ಸುಗ್ಗಿಯಲ್ಲಿ ಒಕ್ಕಣೆಗೆಂದು ಹರಡಿದ ರಾಗಿಯ ತೆನೆ, ಹುರುಳಿಯ ಸೊಪ್ಪು ಇರುತ್ತದೆ. ಚಕ್ರ ಅದರ ಮೇಲೆ ಎಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ. ಗೋಧೂಳಿಯ ಹೊತ್ತಿಗೆ ದನಗಳು ಮನೆಗೆ ಮರಳುತ್ತವೆ. ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು ನಿಂತಿರುತ್ತದೆ. ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುತ್ತಾರೆ. ಬಣ್ಣ ಬಳಿಯದ ಉಬ್ಬು ಕತ್ತಲಲ್ಲಿ ಕಾಣುವುದೇ ಇಲ್ಲ. ಮರಳಿನ ಗುಂಡಿಯಂತೂ ಇಲ್ಲ, ಮಂಜೊಟ್ಟಿಯೂ ಇಲ್ಲ. ಗೆಲುವಿನ ಗೆರೆಯ ಆಚೆಗೆ ಇರುವುದು ಬಸ್ಸು ನಿಲ್ದಾಣ.

ನಿಲ್ಲುವುದಕ್ಕೆ ಎಷ್ಟು ಜಾಗ ಬೇಕೆಂಬುದನ್ನು ಲೆಕ್ಕ ಹಾಕಿ ತೋರಿಸುತ್ತೇನೆ. ಗಂಟೆಗೆ 40 ಕಿಲೋಮೀಟರು ವೇಗದ ಬೈಕು ಒಂದು ಸೆಕೆಂಡಿನಲ್ಲಿ 11 ಮೀಟರು ಹೋಗುತ್ತದೆ. ಎದುರಿಗೆ ಕರು ಕಂಡು, ಅದು ಕರುವೆಂದು ಮನಸ್ಸಿಗೆ ಹೊಳೆದು, ಕೈಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ಬ್ರೇಕು ಹಿಡಿದ ಮೇಲೆ ಒಣಗಿದ ಒಳ್ಳೆಯ ರಸ್ತೆಯಲ್ಲಿ ಇನ್ನೂ ಸುಮಾರು 10 ಮೀಟರು ಬೇಕು. ಒಟ್ಟು 21 ಮೀಟರು. ವೇಗ 80 ಆದಾಗ ಇದು ಎರಡರಷ್ಟಾಗುತ್ತದೆಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಆ ಒಂದು ಸೆಕೆಂಡಿಗೆ 22 ಮೀಟರು, ಬ್ರೇಕಿನ ನಂತರ ನಾಲ್ಕರಷ್ಟು, ಅಂದರೆ 41 ಮೀಟರು. ಒಟ್ಟು 63 ಮೀಟರು. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಮಡಿಯಾಗುವುದು ಪ್ರಕೃತಿಯ ನಿಯಮ. ಮಳೆಯಾಗಿದ್ದರೆ, ಟೈರು ಸವೆದಿದ್ದರೆ, ಹಿಂದೆ ಇಬ್ಬರು ಕುಳಿತಿದ್ದರೆ ಈ ಲೆಕ್ಕಕ್ಕೆ ಇನ್ನಷ್ಟು ಸೇರಿಸಬೇಕು.

ಅಂಕೆಗಳು ಬೇಸರವಾದರೆ ಇನ್ನೊಂದು ಬಗೆಯಲ್ಲಿ ಹೇಳುತ್ತೇನೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಮರಕ್ಕೋ ಲಾರಿಗೋ ಬಡಿಯುವುದು 14 ಮೀಟರು ಎತ್ತರದಿಂದ ಬಿದ್ದಂತೆ. ತಮ್ಮ ತೋಟದ ಹಳೆಯ ತೆಂಗಿನ ಮರದ ಎತ್ತರ ಸುಮಾರು ಅಷ್ಟೇ. ವೇಗ 80 ಆದರೆ ಅದು 25 ಮೀಟರು. ತೆಂಗಿನ ಮರದ ತುದಿಯಿಂದ ಧುಮುಕುವೆನೆಂದು ಯಾರಾದರೂ ಪಂದ್ಯ ಕಟ್ಟಿದರೆ ಊರಿನವರು ಅವನನ್ನು ಹಿಡಿದು ಕಟ್ಟಿಹಾಕುತ್ತಾರೆ. ಬೈಕಿನ ಮೇಲೆ ಅದನ್ನೇ ಮಾಡಿದರೆ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ.

ದೊಡ್ಡ ರಸ್ತೆಯಾದರೆ ಅಪಾಯ ಕಡಮೆಯೆಂಬ ನಂಬಿಕೆಯೂ ಇದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳನ್ನು ಅದೇ ವರ್ಷದ ಆಗಸ್ಟ್ 1ರಿಂದ ನಿಷೇಧಿಸಬೇಕಾಯಿತು. ವೇಗದ ವಾಹನಗಳ ನಡುವೆ ಅವುಗಳಿಗೆ ರಕ್ಷಣೆಯಿಲ್ಲವೆಂಬುದೇ ಕಾರಣ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯ ನಡೆಸುವುದು ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ಅಪರಾಧ. ಮೊದಲ ಬಾರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹದಿನೆಂಟು ತುಂಬದ ಮಗ ವಾಹನ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಸಿಗದು.

ದಂಡಕ್ಕಿಂತ ಮುಖ್ಯವಾದ ಸಂಗತಿಯೊಂದನ್ನು ತಾಯಂದಿರು ಕಿವಿಗೊಟ್ಟು ಕೇಳಬೇಕು. ವಾಹನದ ವಿಮಾಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಓದಿಸಿ ನೋಡಿ. ಪಂದ್ಯಕ್ಕೂ ವೇಗದ ಪರೀಕ್ಷೆಗೂ ವಾಹನವನ್ನು ಬಳಸಿದರೆ ಅದು ವಿಮೆಯ ವ್ಯಾಪ್ತಿಗೆ ಬಾರದೆಂಬ ಮಾತು ಸಾಮಾನ್ಯವಾಗಿ ಅದರಲ್ಲಿ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಇನ್ನೂ ಒಂದು. ನಮ್ಮ ರಾಜ್ಯದಲ್ಲಿ 2014ರಲ್ಲಿ ಕಾರು ಓಡಿಸುತ್ತಿದ್ದ ವ್ಯಕ್ತಿಯೊಬ್ಬರು ಅಪಘಾತದಲ್ಲಿ ಮೃತರಾದರು. ಪತ್ನಿ, ಮಗ, ತಂದೆತಾಯಿಗಳು 80 ಲಕ್ಷ ರೂಪಾಯಿ ಪರಿಹಾರ ಕೇಳಿದರು. ಅತಿವೇಗದ, ಅಜಾಗರೂಕ ಚಾಲನೆ ಮೃತರದೇ ಆಗಿದ್ದುದರಿಂದ ವಿಮಾ ಸಂಸ್ಥೆ ಪರಿಹಾರ ಕೊಡಬೇಕಾಗಿಲ್ಲವೆಂದು ರಾಜ್ಯದ ಉಚ್ಚ ನ್ಯಾಯಾಲಯ ಹೇಳಿತು. 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪಿನಲ್ಲಿ ಕೈಹಾಕಲು ಒಪ್ಪಲಿಲ್ಲ. ಬೈಕಿನ ಸಾಲದ ಕಂತು ಮಾತ್ರ ಯಾವ ತೀರ್ಪಿಗೂ ನಿಲ್ಲದು.

"ನಮ್ಮ ಯಜಮಾನರಿಗೆ ಹೇಳಿದರೆ ಕೇಳುವುದಿಲ್ಲ, ಡಾಕ್ಟರೇ" ಎಂದು ಎಷ್ಟೋ ಹೆಣ್ಣುಮಕ್ಕಳು ಹೇಳುತ್ತಾರೆ. ಗಾಡಿಯ ಚಾವಿ ಕೈಯಲ್ಲಿ ಹಿಡಿದು ಹೊಸ್ತಿಲು ದಾಟುತ್ತಿರುವವನಿಗೆ ಬುದ್ಧಿ ಹೇಳಿದರೆ ಅವನು ಕೇಳುವುದಿಲ್ಲವೆಂಬುದು ನಿಜವೇ. ಗೆಳೆಯರ ಎದುರಿಗೆ ಹೇಳಿದರಂತೂ ಪಂದ್ಯ ಖಂಡಿತ ನಡೆಯುತ್ತದೆ. ಹೇಳಬೇಕಾದ ಹೊತ್ತು ಬೇರೆ. ಗಾಡಿ ಕೊಳ್ಳುವುದಕ್ಕೆ ಮೊದಲು ಗಂಡಹೆಂಡಿರು ಕುಳಿತು, ಇದು ಯಾವ ಕೆಲಸಕ್ಕೆ, ಹಾಲು ಡೇರಿಗೆ ಒಯ್ಯುವುದಕ್ಕೋ, ಸಂತೆಗೋ, ಮಕ್ಕಳ ಶಾಲೆಗೋ ಎಂದು ಮಾತಾಡಿಕೊಳ್ಳಿ. ಆ ಕೆಲಸಗಳಿಗೆ ಸಣ್ಣ ಎಂಜಿನ್ನು ಸಾಕು. ಮದುವೆಯಲ್ಲಿ ಅಳಿಯನಿಗೆ ದೊಡ್ಡ ಬೈಕು ಕೊಟ್ಟು ಬೀಗುವ ಮಾವಂದಿರೂ ಇಲ್ಲಿದ್ದಾರೆ. ವರದಕ್ಷಿಣೆ ಅಪರಾಧವೆಂಬುದನ್ನು ಬೇರೆ ಸಭೆಯಲ್ಲಿ ಹೇಳಿದ್ದೇನೆ. ಮಗಳ ತಾಳಿಭಾಗ್ಯವನ್ನು ಯಾವ ವೇಗದ ಮೇಲೆ ಕೂರಿಸುತ್ತಿದ್ದೀರೆಂಬುದನ್ನು ಇಂದು ಯೋಚಿಸಿ. ಗಂಡಸರಿಗೂ ಒಂದು ಮಾತು. ಮಗು ತಂದೆಯ ಮುಂದೆ ಟ್ಯಾಂಕಿನ ಮೇಲೆ ಕುಳಿತು "ಇನ್ನೂ ಜೋರು ಅಪ್ಪ" ಎಂದಾಗ ಸಂತೋಷವಾಗುತ್ತದೆ. ಆ ಮಗುವೇ ಹದಿನಾರು ತುಂಬಿದಾಗ ಅದನ್ನು ನೆನಪಿಟ್ಟಿರುತ್ತದೆ. ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಒಯ್ಯುವಾಗ ಅದಕ್ಕೆ ಸೊಂಟಪಟ್ಟಿ, ಹೆಲ್ಮೆಟ್ ಇರಬೇಕೆಂದೂ ವೇಗ 40 ಮೀರಬಾರದೆಂದೂ 2023ರ ಫೆಬ್ರವರಿಯಿಂದ ನಿಯಮವೇ ಇದೆ.

ಹೆಲ್ಮೆಟ್ಟನ್ನು ಪೊಲೀಸರು ಕಂಡಾಗ ಮಾತ್ರ ಧರಿಸುವ ವಸ್ತುವೆಂದು ಭಾವಿಸಬೇಡಿ. ಅದು ಸಾವಿನ ಸಂಭವವನ್ನು ನೂರಕ್ಕೆ ಸುಮಾರು 40ರಷ್ಟೂ ತಲೆಪೆಟ್ಟಿನ ಸಂಭವವನ್ನು ಸುಮಾರು 70ರಷ್ಟೂ ತಗ್ಗಿಸುತ್ತದೆಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ಗದ್ದದ ಪಟ್ಟಿಯನ್ನು ಬಿಗಿಯದಿದ್ದರೆ ಅದು ತಲೆಗಿಂತ ಮೊದಲು ಹಾರಿಹೋಗುತ್ತದೆ. ಹಿಂದೆ ಕುಳಿತವರಿಗೂ ಅದು ಬೇಕು. ಹೆಂಡತಿಯ ತಲೆ ಗಂಡನ ತಲೆಗಿಂತ ಗಟ್ಟಿಯೇನಲ್ಲ. ಆದರೆ ಹೆಲ್ಮೆಟ್ ಇದೆಯೆಂದು ಪಂದ್ಯಕ್ಕಿಳಿಯುವವನು ಎರಿಕ್ ಮೆಡ್ಲೆನ್‌ನ ತಲೆಯ ಮೇಲೆಯೂ ಹೆಲ್ಮೆಟ್ ಇತ್ತೆಂಬುದನ್ನು ನೆನೆಯಲಿ.

ಇನ್ನು, ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಏನು ಮಾಡಬೇಕೆಂಬುದು. 108ಕ್ಕೆ ಕರೆ ಮಾಡಿ, ಸ್ಥಳದ ಗುರುತನ್ನು ಸ್ಪಷ್ಟವಾಗಿ ಹೇಳಿ. ನಮ್ಮ ರಾಜ್ಯದಲ್ಲಿ 2008ರ ನವೆಂಬರಿನಿಂದ ಈ ಸೇವೆ ಇದೆ. ಸಹಾಯ ಮಾಡಿದವರಿಗೆ ಕಾನೂನಿನ ರಕ್ಷಣೆಯಿದೆ, ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಬಿದ್ದವನನ್ನು ಎಬ್ಬಿಸಿ ಕೂರಿಸಬೇಡಿ, ಕುತ್ತಿಗೆಯನ್ನು ಅಲುಗಿಸಬೇಡಿ, ಬಾಯಿಗೆ ನೀರು ಹಾಕಬೇಡಿ. ಉಸಿರಾಟ ಸರಿಯಾಗಿದ್ದರೆ ಹೆಲ್ಮೆಟ್ಟನ್ನು ತೆಗೆಯುವ ಅವಸರ ಬೇಡ. ಉಸಿರು ಕಟ್ಟುತ್ತಿದ್ದರೆ ಮಾತ್ರ ಒಬ್ಬರು ಕುತ್ತಿಗೆಯನ್ನು ಎರಡೂ ಕೈಯಿಂದ ಆಧರಿಸಿ ಹಿಡಿದು, ಇನ್ನೊಬ್ಬರು ಮೆಲ್ಲಗೆ ತೆಗೆಯಬೇಕು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಒತ್ತಿ ಹಿಡಿಯಿರಿ. ಅರಿಸಿನ, ಕಾಫಿಪುಡಿ ತುಂಬಬೇಡಿ. ಅಪಘಾತಕ್ಕೀಡಾದವರಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದು ಕೇಳದೆ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ. ಆದುದರಿಂದ ಹಣವಿಲ್ಲವೆಂದು ಮನೆಗೆ ಹೊತ್ತೊಯ್ಯಬೇಡಿ.

ತಲೆಗೆ ಪೆಟ್ಟು ಬಿದ್ದವನು ಎದ್ದು ನಿಂತು, ಬಟ್ಟೆ ಕೊಡವಿಕೊಂಡು, "ನನಗೇನೂ ಆಗಿಲ್ಲ" ಎಂದು ನಕ್ಕರೂ ನಂಬಬೇಡಿ. ಬುರುಡೆಯೊಳಗೆ ರಕ್ತ ಮೆಲ್ಲಗೆ ಕೂಡುತ್ತಿದ್ದರೆ ಕೆಲವು ಗಂಟೆಗಳ ಕಾಲ ಮನುಷ್ಯ ಚೆನ್ನಾಗಿಯೇ ಇರುತ್ತಾನೆ, ಊಟ ಮಾಡಿ ಮಲಗುತ್ತಾನೆ, ಬೆಳಗ್ಗೆ ಏಳುವುದಿಲ್ಲ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ತೊದಲುವ ಮಾತು, ಎಬ್ಬಿಸಿದರೂ ಕವಿಯುವ ಮಂಪರು, ಕಣ್ಣಿನ ಪಾಪೆಗಳಲ್ಲಿ ಒಂದು ದೊಡ್ಡದು ಒಂದು ಸಣ್ಣದು, ಮೂಗಿನಿಂದಲೋ ಕಿವಿಯಿಂದಲೋ ಸೋರುವ ನೀರಿನಂಥ ದ್ರವ, ಇವುಗಳಲ್ಲಿ ಯಾವುದೊಂದು ಕಂಡರೂ ಅಪರಾತ್ರಿಯೆಂದು ನೋಡದೆ ಸ್ಕ್ಯಾನಿಂಗ್ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಿ. ಪೆಟ್ಟಿನ ದಿನದ ರಾತ್ರಿ ರೋಗಿಯನ್ನು ಒಬ್ಬನೇ ಮಲಗಲು ಬಿಡದೆ, ಎರಡು ಗಂಟೆಗೊಮ್ಮೆ ಎಬ್ಬಿಸಿ ಹೆಸರು ಕೇಳಿ ನೋಡಿ.

ಹೊರಗಿನ ಜಗುಲಿಯ ಮೇಲೆ ಆರೋಗ್ಯ ಸಹಾಯಕಿಯರು ಮೂರು ಅಳತೆಯ ಹೆಲ್ಮೆಟ್ಟುಗಳನ್ನು ಇಟ್ಟುಕೊಂಡು ಕುಳಿತಿದ್ದಾರೆ. ಗದ್ದದ ಪಟ್ಟಿಯನ್ನು ಹೇಗೆ ಬಿಗಿಯಬೇಕೆಂಬುದನ್ನು ಅವರು ತೋರಿಸಿಕೊಡುತ್ತಾರೆ, ದಂಪತಿಗಳಿಬ್ಬರೂ ತಲೆಗೆ ಹಾಕಿಕೊಂಡು ನೋಡಬಹುದು. ಅದಕ್ಕೆ ಮೊದಲು ಪ್ರಶ್ನೆಗಳಿದ್ದರೆ ಸಂಕೋಚವಿಲ್ಲದೆ ಕೇಳಿ.